ದಾಖಲೆ ಮತ್ತು ದಾಖಿಲಾ

ಕಾಲೇಜು ಸೇರುವುದಕ್ಕೆ ನಾವು ಉರ್ದುವಿನಲ್ಲಿ ‘ದಾಖಿಲಾ’ ಎನ್ನುತ್ತೇವೆ. ಅದೇ ಮೂಲದಿಂದ ಕನ್ನಡಕ್ಕೆ ಬಂದ ‘ದಾಖಲೆ’ ಎಂದರೆ ಕಾಗದಪತ್ರ. ಮೊದಲನೆಯದು ಒಳಗೆ ಹೋಗುವುದು. ಎರಡನೆಯದು ಒಳಗೆ ಹೋಗಲು ಬಾಗಿಲಲ್ಲಿ ತೋರಿಸಬೇಕಾದದ್ದು. ಈ ಎರಡರ ನಡುವಿನ ದೂರ ಎಷ್ಟೆಂಬುದು ಸಾಲಗುಂದದಂಥ ಊರಿನ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಸಿಂಧನೂರು ಸೀಮೆಯ ವಿಜ್ಞಾನ ವಿದ್ಯಾರ್ಥಿಗಳಿಗೆ ಹತ್ತಿರವಿರುವುದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ. 2008ರಲ್ಲಿ ಧಾರವಾಡದಿಂದ ಬೇರ್ಪಟ್ಟು ಅದು ಸ್ಥಾಪನೆಯಾಯಿತು. ಅಲ್ಲಿಗೆ ಸಿಇಟಿಯ ರ‍್ಯಾಂಕ್ ಒಂದೇ ದಾರಿಯಲ್ಲ. ಸಂವಿಧಾನದ 371(ಜೆ) ವಿಧಿಯ ಆಧಾರದಲ್ಲಿ 2013ರಲ್ಲಿ ಹೊರಟ ಆದೇಶ, ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಇದಲ್ಲದೆ ಕೃಷಿಕರ ಮಕ್ಕಳಿಗೆಂದೇ ಒಂದು ಪಾಲಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗಿಡ, ಉಪಕರಣಗಳ ಪರಿಚಯ ತೋರಿಸಬೇಕು.

ಇದನ್ನು ರಿಯಾಯಿತಿ ಎನ್ನುವವರಿದ್ದಾರೆ. “ರ‍್ಯಾಂಕ್ ಇಲ್ಲದವನಿಗೆ ಸೀಟು ಏಕೆ?” ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ರ‍್ಯಾಂಕ್ ಪಟ್ಟಿಗೂ ಒಂದು ನ್ಯಾಯವಿದೆ. ಅದು ಯಾರ ಶಿಫಾರಸು ಪತ್ರವನ್ನೂ ಓದುವುದಿಲ್ಲ, ಯಾರ ಹೆಸರನ್ನೂ ಜಾತಿಯನ್ನೂ ನೋಡಿ ಅಂಕ ಕೊಡುವುದಿಲ್ಲ. ಬಡವರ ಮಗು ಆ ಪಟ್ಟಿಯನ್ನು ನಂಬಿಯೇ ರಾತ್ರಿಯಿಡೀ ಓದುತ್ತದೆ.

ಆದರೆ ಕೂರಿಗೆ, ಎಡೆಕುಂಟೆಗಳನ್ನು ಬಲ್ಲ ಹುಡುಗನಿಗೆ ಅಂಕ ಕೊಟ್ಟಾಗ ವಿಶ್ವವಿದ್ಯಾಲಯ ದಾನ ಮಾಡುತ್ತಿಲ್ಲ. ಕೈಯಲ್ಲಿರುವುದೂ ಜ್ಞಾನವೇ ಎಂದು ಒಪ್ಪಿಕೊಳ್ಳುತ್ತಿದೆ. ದೊಡ್ಡ ಮಾತು ಅದು. ಪುಸ್ತಕಕ್ಕೆ ಮಾತ್ರ ತಲೆಬಾಗುವ ನಮ್ಮ ಶಿಕ್ಷಣದಲ್ಲಿ ಅಪರೂಪದ ಮಾತೂ ಹೌದು.

ಹಾಗೆ ಒಪ್ಪಿಕೊಂಡ ಮೇಲೆ ಇನ್ನೂ ಕಠಿಣವಾದ ಪ್ರಶ್ನೆಯೊಂದನ್ನು ನಾವು ನಮಗೇ ಕೇಳಿಕೊಳ್ಳಬೇಕಾಗುತ್ತದೆ. ಈ ಜ್ಞಾನ ಯಾರದು? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಗದ್ದೆಗಿಳಿದು ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು, ಭತ್ತದ ಸಸಿಯಂತೆಯೇ ಕಾಣುವ ಹುಲ್ಲನ್ನು ನೋಡಿದ ಕೂಡಲೇ ಗುರುತಿಸಿ ಕಿತ್ತೆಸೆಯುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಒಂದು ಗುಂಟೆ ಹೊಲವೂ ಇಲ್ಲ. ಹೊಲವನ್ನು ಲಾವಣಿಗೆ ಹಿಡಿದು ದುಡಿಯುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಇನ್ನೊಂದು ಕಡೆ, ಹತ್ತಾರು ಎಕರೆಯ ಪಹಣಿ ಇದ್ದು, ಪಟ್ಟಣದಲ್ಲಿ ಬೆಳೆದು, ಕಾಲಿಗೆ ಕೆಸರು ತಗುಲದ ಮಕ್ಕಳೂ ಇದ್ದಾರೆ. ಗೊತ್ತಿಲ್ಲದ ಕಾಳುಗಳ ಹೆಸರನ್ನು ತರಬೇತಿಗೆ ಹೋಗಿ ಕಲಿಯಬಹುದು. ಹಾಗೆ ಕಲಿತದ್ದು ಅಪರಾಧವಲ್ಲ. ಆದರೆ ಕೈಯ ಅರಿವಿಗೆಂದು ತೆರೆದ ಬಾಗಿಲಲ್ಲಿ ಮತ್ತೆ ಕಾಗದವೇ ಮೊದಲು ಒಳನುಗ್ಗಿದರೆ, ಆ ಬಾಗಿಲು ತೆರೆದದ್ದು ಯಾರಿಗಾಗಿ?

ಕಾಗದವೇ ಬೇಡ ಎನ್ನಲಾಗದು. ದಾಖಲೆ ಇಲ್ಲದಿದ್ದರೆ ಬಲವಿದ್ದವನ ಬಾಯಿಮಾತೇ ದಾಖಲೆಯಾಗುತ್ತದೆ. ಹೀಗಾಗಿ ಕಾಗದ ಮುಟ್ಟಲಾಗದ ಕಡೆ ನ್ಯಾಯದ ಹೊಣೆ ಸೀಟು ಪಡೆದವರ ಹೆಗಲಿಗೆ ಬರುತ್ತದೆ ಎಂದು ನಮಗನಿಸುತ್ತದೆ. ಸೀಟು ಸಿಕ್ಕ ದಿನ ಮನೆಯಲ್ಲಿ ಸಿಹಿ ಹಂಚುತ್ತೇವೆ. ಆ ಸೀಟಿನಲ್ಲಿ ಯಾರ ಯಾರ ಪಾಲಿದೆ ಎಂದು ಎಣಿಸುವುದಿಲ್ಲ.

ಎಣಿಸಲು ಒಂದು ಅವಕಾಶ ಆ ಓದಿನಲ್ಲೇ ಇದೆ. ನಾಲ್ಕು ವರ್ಷದ ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗೆ ಹೋಗುತ್ತಾರೆ, ರೈತರೊಡನೆ ಬೆರೆತು ಕಲಿಯುತ್ತಾರೆ. ಆಗ ಅವರು ದೊಡ್ಡ ಹಿಡುವಳಿದಾರರ ಪಡಸಾಲೆಯಲ್ಲಿ ಮಾತ್ರ ಕುಳಿತು ಪುಸ್ತಕ ತುಂಬಿಸುತ್ತಾರೋ, ಕೂಲಿಗೆ ಹೋಗುವ ತಾಯಂದಿರ ಬಳಿಯೂ ಕುಳಿತು “ಅಮ್ಮಾ, ಈ ಕಸ ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳುತ್ತಾರೋ?

ಕೇಳಿದರೆ ಆ ತಾಯಿ ಕಲಿಸುವವಳಾಗುತ್ತಾಳೆ. ಅವಳ ಮಗಳು ಪಕ್ಕದಲ್ಲೇ ನಿಂತು ಅದನ್ನು ನೋಡುತ್ತಾಳೆ. ನನ್ನವ್ವನಿಗೆ ಗೊತ್ತಿರುವುದೂ ವಿಜ್ಞಾನವೇ ಎಂದು ಆ ಮಗುವಿಗೆ ಅನಿಸಿದ ದಿನ ಅವಳ ದಾಖಿಲಾ ಶುರುವಾಗುತ್ತದೆ. ದಾಖಲೆಯನ್ನು ಒದಗಿಸುವ ಕೆಲಸ ಉಳಿದವರಾದ ನಮ್ಮದು.