ಇಂದಿನ ಧಮ್ಮ ಚಿಂತನೆ: ಕೊಡುವುದಷ್ಟೇ ಅಲ್ಲ, ಜೊತೆಗೆ ಕೂರುವುದು



ನನ್ನದು ವರ್ಗಾವಣೆಯ ಕೆಲಸ. ಕೊಳ್ಳೇಗಾಲ, ಹುಣಸೂರು, ಶನಿವಾರಸಂತೆ, ಮಡಿಕೇರಿ ಎಂದು 14 ವರ್ಷದಲ್ಲಿ ನಾಲ್ಕು ಊರು ಕಂಡೆ. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ನಿಮ್ಮದು ಯಾವ ಜನ?" ಈ ಪ್ರಶ್ನೆ ನಿಮಗೂ ಹೊಸದಲ್ಲ. ಅದಕ್ಕೆ ಅಂಜಿ ನಾನು ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ ಎಂದು ಇದ್ದುಬಿಟ್ಟೆ. ಹೇಗೂ ಇನ್ನೆರಡು ವರ್ಷಕ್ಕೆ ಹೊರಡುವವಳು, ಯಾರ ಗೊಡವೆ ಯಾಕೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

2018ರ ಆಗಸ್ಟ್ ಮಳೆ ನೆನಪಿದೆಯಲ್ಲ? ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ, ತೋಟ ಎಲ್ಲ ಕೊಚ್ಚಿ ಹೋಯಿತು. ನಾನೂ ಒಂದು ಪರಿಹಾರ ಕೇಂದ್ರಕ್ಕೆ ಹೋದೆ. ಉಗ್ರಾಣದ ಕೆಲಸವನ್ನು ನಾನಾಗಿಯೇ ಕೇಳಿ ಪಡೆದೆ. ಕಂಬಳಿ ಎಣಿಸುವುದು, ಬಟ್ಟೆ ವಿಂಗಡಿಸುವುದು, ಲೆಕ್ಕ ಬರೆಯುವುದು. ಅಡುಗೆಯ ಕಡೆ ಮಾತ್ರ ತಲೆ ಹಾಕಲಿಲ್ಲ. ನಾನು ಮುಟ್ಟಿದ್ದನ್ನು ಯಾರಾದರೂ ಬೇಡವೆಂದರೆ?

ಮೂರನೆಯ ದಿನ ಒಬ್ಬರು ಅಜ್ಜಿ ಬಂದು ನಿಂತರು. ಮನೆ, ತೋಟ ಎರಡನ್ನೂ ಕಳೆದುಕೊಂಡವರು. "ಟೀಚರೇ, ಬಟ್ಟೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಾಯಿ ತುರಿಯಲು ಯಾರೂ ಇಲ್ಲ, ಬನ್ನಿ" ಎಂದರು.

"ಅಜ್ಜಿ, ನಾನು ಯಾವ ಜನ ಅಂತ ನಿಮಗೆ ಗೊತ್ತಿಲ್ಲ" ಎಂದೆ.

"ನನ್ನ ಮನೆ ಎಲ್ಲಿತ್ತು ಅಂತ ಈಗ ನನಗೇ ಗೊತ್ತಾಗ್ತಾ ಇಲ್ಲ. ನೀವು ಯಾರಾದರೆ ನನಗೇನು?" ಎಂದರು.

ಅಂದಿನಿಂದ ಅಜ್ಜಿ, ಲೈನ್ ಮನೆಯ ತಮಿಳು ಮಾತಿನ ಒಬ್ಬ ಅಕ್ಕ, ನಾನು ಒಟ್ಟಿಗೆ ಕೂತು ಕಾಯಿ ತುರಿದೆವು, ಈರುಳ್ಳಿ ಹೆಚ್ಚಿದೆವು, ಒಂದೇ ಸಾಲಿನಲ್ಲಿ ಉಂಡೆವು. ಎಲ್ಲರೂ ಅಜ್ಜಿಯಂತೆ ಇರಲಿಲ್ಲ. ನಾನು ಬಡಿಸುವುದನ್ನು ಕಂಡು ಪಕ್ಕದ ಸಾಲಿಗೆ ಎದ್ದು ಹೋದವರೂ ಇದ್ದರು. ನೋವಾಯಿತು. ಆದರೆ ಸೌಟು ಕೆಳಗಿಡಲಿಲ್ಲ.

ಆಳವಿಯ ಹತ್ಥಕನೆಂಬ ಉಪಾಸಕ ಐನೂರು ಜನರೊಡನೆ ಬಂದಾಗ, ಇಷ್ಟು ದೊಡ್ಡ ಪರಿಷತ್ತನ್ನು ಹೇಗೆ ಒಟ್ಟಾಗಿ ಇಟ್ಟುಕೊಂಡಿರುವೆ ಎಂದು ಭಗವಾನರು ಕೇಳಿದರು. ನೀವೇ ಕಲಿಸಿದ ನಾಲ್ಕು ಸಂಗಹವತ್ಥುಗಳಿಂದ ಎಂದ ಹತ್ಥಕ. ದಾನ, ಪ್ರಿಯವಾದ ಮಾತು, ಹಿತದ ಕೆಲಸ, ಸಮಾನತ್ತತಾ. ಸಮಾನತ್ತತಾ ಎಂದರೆ ಎಲ್ಲರನ್ನೂ ತನ್ನ ಸಮನೆಂದು ಕಂಡು ನಡೆಯುವುದು. ಉಗ್ರಾಣದಲ್ಲಿ ನಾನು ಮಾಡಿದ್ದು ದಾನ. ಎರಡು ದಿನ ಕಂಬಳಿ ಕೊಟ್ಟರೂ ಒಬ್ಬರ ಹೆಸರೂ ನನಗೆ ತಿಳಿದಿರಲಿಲ್ಲ. ಅಲ್ಲಿ ಕೊಡುವ ಕೈ ಮೇಲಿತ್ತು, ಪಡೆಯುವ ಕೈ ಕೆಳಗಿತ್ತು. ಕಾಯಿ ತುರಿಯುವಲ್ಲಿ ಮೇಲು ಕೆಳಗು ಇರಲಿಲ್ಲ. ಗೆಳೆತನ ಹುಟ್ಟಿದ್ದು ಅಲ್ಲಿ.

ಬಾಬಾಸಾಹೇಬರು 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ತಂದದ್ದಲ್ಲ, ಗುರು ಬುದ್ಧರಿಂದ ಪಡೆದದ್ದು ಎಂದು ಹೇಳಿದರು. ಮೊದಲೆರಡನ್ನು ಕಾನೂನೊಂದೇ ಕಾಯಲಾರದು, ಭ್ರಾತೃತ್ವ ಬೇಕು ಎಂಬುದು ಅವರ ನಿಲುವು. ನನಗೆ ಮನೆ ಬಾಡಿಗೆಗೆ ಪಡೆಯುವ ಹಕ್ಕು ಕಾನೂನಿನಲ್ಲಿದೆ. "ಬನ್ನಿ, ಕೂತ್ಕೊಳ್ಳಿ" ಎಂಬ ಮಾತು ಮಾತ್ರ ಮನುಷ್ಯರಿಂದಲೇ ಬರಬೇಕು. ಮತ್ತೊಂದು ಸತ್ಯವೂ ಇದೆ. ಆ ಮಾತಿಗಾಗಿ ನಾನು ಬರೀ ಕಾಯುತ್ತಿದ್ದೆ, ಯಾರಿಗೂ ನಾನಾಗಿ ಹೇಳಿರಲಿಲ್ಲ.

ಈಗ ವಿರಾಜಪೇಟೆಯಲ್ಲಿದ್ದೇನೆ. ಬಂದ ಮೊದಲ ತಿಂಗಳಲ್ಲೇ ಭಾನುವಾರಗಳಂದು ಲೈನ್ ಮನೆ ಮಕ್ಕಳಿಗೆ ಕನ್ನಡ ಹೇಳಿಕೊಡಲು ತೊಡಗಿದೆ. ನೆಲದ ಮೇಲೆ, ಮಕ್ಕಳ ಜೊತೆಗೇ ಕೂತು. ನಮ್ಮ ಅಧ್ಯಯನ ವೃತ್ತದ ಇಬ್ಬರು ಸಿಕ್ಕಿದ್ದು ಅಲ್ಲೇ. ಅಜ್ಜಿ ಈಗಲೂ ಹುತ್ತರಿಗೆ ಫೋನ್ ಮಾಡುತ್ತಾರೆ: "ಟೀಚರೇ, ಬರ್ತೀರಲ್ಲ?"

*ಇಂದಿನ ಅಭ್ಯಾಸ:* ನೀವು ಸಹಾಯ ಮಾಡುವ ಒಬ್ಬರನ್ನು ನೆನೆಯಿರಿ. ಅವರ ಹೆಸರು ಗೊತ್ತೇ? ಅವರ ಪಕ್ಕ ಕೂತು ಉಂಡಿದ್ದೀರಾ? ಇಲ್ಲವಾದರೆ, ಈ ವಾರ ಅಲ್ಲಿಂದ ಶುರುಮಾಡೋಣ.

ಭವತು ಸಬ್ಬ ಮಂಗಲಂ 🪷