ಕೇಳುವ ಫೋನು, ಕಾಯುವ ಮಾಸ್ತರು

(ರಾಯಚೂರು ಜಿಲ್ಲೆಯ ಒಂದು ಊರು. ನಿವೃತ್ತ ಗಣಿತ ಮಾಸ್ತರು. ಬೆಂಗಳೂರಿನಲ್ಲಿ ಶಾಲಾಮಕ್ಕಳಿಗಾಗಿ ಕಲಿಕೆಯ ಆ್ಯಪ್ ರೂಪಿಸುವ ಅವರ ಹಳೆಯ ಶಿಷ್ಯೆ.)

ಮಾಸ್ತರು: ಯಂತ್ರ ಬಂದು ಪಾಠ ಹೇಳಿದ್ದು ಇದೇ ಮೊದಲಲ್ಲವ್ವಾ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋದವರು ‘ಸೈಟ್’ ಅಂತ ಪ್ರಯೋಗ ನಡೆಸಿದರು. ಆರು ರಾಜ್ಯ, 2,400 ಹಳ್ಳಿ; ನಮ್ಮ ಕಡೆ ರಾಯಚೂರು, ಗುಲಬರ್ಗಾ, ಬಿಜಾಪುರ. ಜಾಲರಿಯ ದೊಡ್ಡ ಆಂಟೆನಾ, ಅದಕ್ಕೊಂದು ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಉಪಗ್ರಹ ಅಮೆರಿಕದ್ದು, ವರ್ಷ ತುಂಬಿತು, ಹೋಯಿತು. ಟಿವಿ ಹೇಳುತ್ತಿತ್ತು, ಮಕ್ಕಳು ನೋಡುತ್ತಿದ್ದರು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಅನ್ನುವಂತಿರಲಿಲ್ಲ.

ಶಿಷ್ಯೆ: ಈಗ ಬದಲಾಗಿರುವುದು ಅದೇ ಸರ್. 2017ರಲ್ಲಿ ಬಂದ ಸರ್ಕಾರದ ದೀಕ್ಷಾ ಆ್ಯಪ್ ಕೂಡ ಹೆಚ್ಚಾಗಿ ಪಾಠವನ್ನು ತಲುಪಿಸುವ ಕೆಲಸವನ್ನೇ ಮಾಡಿತು. ಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ವಿಡಿಯೊ ಬರುತ್ತದೆ. ಈಗಿನ ಫೋನು ಮಗುವಿನ ಮಾತನ್ನು ಕೇಳಿಸಿಕೊಳ್ಳುತ್ತದೆ. ಅವಳ ಲೆಕ್ಕ ಎಲ್ಲಿ ತಪ್ಪಿತೆಂದು ಗುರುತಿಟ್ಟು, ಮುಂದಿನ ಲೆಕ್ಕವನ್ನು ಆರಿಸುತ್ತದೆ.

ಮಾಸ್ತರು: ನಮ್ಮ ಮಕ್ಕಳ ಕನ್ನಡ ಅದಕ್ಕೆ ತಿಳಿಯುತ್ತದೇನು?

ಶಿಷ್ಯೆ: ಪೂರ್ತಿ ಇಲ್ಲ. ಯಾವ ಮಾತನ್ನು ಹೆಚ್ಚು ಕೇಳಿ ಕಲಿತಿದೆಯೋ ಅದು ಅದಕ್ಕೆ ಸಲೀಸು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಕೂಡಿಹಾಕುತ್ತಿರುವುದು ಅದಕ್ಕೇ. ಸದ್ಯಕ್ಕಂತೂ ‘ಹ್ಯಾಂಗ ಮಾಡಬೇಕು’ ಅಂದ ಹುಡುಗಿ ಫೋನಿಗೆ ತಿಳಿಯಲೆಂದು ‘ಹೇಗೆ ಮಾಡಬೇಕು’ ಅಂತ ತಿದ್ದಿಕೊಳ್ಳಬೇಕಾದೀತು. ನನಗೆ ಅದು ಸಂಕಟವೇ.

ಮಾಸ್ತರು: ಆಯಿತು, ಮಾತು ತಿಳಿಯಿತು ಅಂತಲೇ ಇಟ್ಟುಕೋ. ಮಗು ತಿಳಿಯಿತೇ?

ಶಿಷ್ಯೆ: ಅಂದಾಜು ಮಾಡುತ್ತದೆ. ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಹೊತ್ತು ಹಿಡಿಯಿತು. ಇವುಗಳಿಂದ ಈ ಮಗುವಿಗೆ ಭಿನ್ನರಾಶಿ ಎಷ್ಟರ ಮಟ್ಟಿಗೆ ಬಂದಿರಬಹುದು ಅಂತ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು: ಒಬ್ಬರಿಗೊಬ್ಬರು ಕೂತು ಹೇಳಿಕೊಟ್ಟರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ನೂರಕ್ಕೆ 98 ಜನರನ್ನು ಮೀರಿಸುತ್ತಾನೆ ಅಂತ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಂಡಿಲ್ಲ. ಆದರೂ ಮಗುವಿಗೊಬ್ಬ ಗುರು ಎನ್ನುವ ಆ ಆಸೆಯೇ ನಮ್ಮನ್ನು ನಡೆಸುತ್ತಿದೆ.

ಮಾಸ್ತರು: ಮಗುವಿಗೊಂದು ಫೋನು ಇದ್ದರೆ ತಾನೇ? 2020ರಲ್ಲಿ ಶಾಲೆ ಮುಚ್ಚಿದಾಗ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಮೂರು ಪಾಲು ಮಾಡಿದರು: ಫೋನ್ ಇಲ್ಲದವರು, ಇದ್ದೂ ಇಂಟರ್ನೆಟ್ ಇಲ್ಲದವರು, ಎರಡೂ ಇದ್ದವರು. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋದರು. ಈಗ ಫೋನು ಮನೆ ಮನೆಗೂ ಬಂದಿದೆ. ಆದರೆ ಯಾರ ಕೈಯಲ್ಲಿದೆ?

ಶಿಷ್ಯೆ: 2024ರ ‘ಅಸರ್’ ಸಮೀಕ್ಷೆ ಅದನ್ನೇ ಕೇಳಿತ್ತು. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವುದು ಹುಡುಗರಲ್ಲಿ ಶೇ. 36, ಹುಡುಗಿಯರಲ್ಲಿ ಶೇ. 27.

ಮಾಸ್ತರು: ನೋಡು ಮತ್ತೆ. ಅಪ್ಪ ಹೊಲದಿಂದ ಬಂದ ಮೇಲೆ ಫೋನು ಸಿಗುತ್ತದೆ. ಅಕ್ಕ ಎರಡು ಲೆಕ್ಕ ಬಿಡಿಸುತ್ತಾಳೆ, ತಮ್ಮ ಕಸಿದುಕೊಂಡು ಮೂರು ತಪ್ಪು ಒತ್ತುತ್ತಾನೆ. ನಿನ್ನ ಯಂತ್ರಕ್ಕೆ ಇಬ್ಬರೂ ಸೇರಿ ಒಂದೇ ಮಗು. ಇಲ್ಲದ ಮಗುವೊಂದನ್ನು ಅದು ಬಲು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತದೆ!

ಶಿಷ್ಯೆ: ಅದು ತಿದ್ದಬಹುದಾದ ದೋಷ. ಫೋನ್ ಈಗ ಯಾರ ಕೈಯಲ್ಲಿದೆ ಅಂತ ಕೇಳಿಸಬಹುದು. ಇಬ್ಬರೂ ಕೂಡಿ ಬಿಡಿಸುವ ಲೆಕ್ಕ ಕೊಡಬಹುದು. ಆ ಜಗಳದಲ್ಲೂ ಕಲಿಕೆಯಿದೆ. ನನ್ನನ್ನು ಕಾಡುವುದು ಬೇರೆ. ನೀವೇ ಹೇಳಿ, ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಅಂದರೆ ಮಗು ಐದನೇ ಎರಡು ಅಂತ ಬರೆದರೆ ಏನು ಮಾಡುತ್ತಿದ್ದಿರಿ?

ಮಾಸ್ತರು: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಶಿಷ್ಯೆ: ಯಂತ್ರಕ್ಕೂ ಗೊತ್ತಾಗುತ್ತದೆ.

ಮಾಸ್ತರು: ಗೊತ್ತಾಗಲಿ. ನಾನು ತಪ್ಪು ಅನ್ನುತ್ತಿರಲಿಲ್ಲ. ‘ಐದನೇ ಎರಡು ದೊಡ್ಡದೋ ಅರ್ಧ ದೊಡ್ಡದೋ?’ ಅಂತ ಕೇಳಿ ಸುಮ್ಮನಿರುತ್ತಿದ್ದೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗಿದ್ದು ಹೇಗೆ ಅಂತ ಮಗುವಿಗೇ ಅನುಮಾನ ಬರಬೇಕು. ಸರಿ ಉತ್ತರ ನಾಳೆ ಮರೆತೀತು. ತನ್ನ ಉತ್ತರವನ್ನು ತಾನೇ ಅನುಮಾನಿಸುವುದನ್ನು ಒಮ್ಮೆ ಕಲಿತವಳು ಮರೆಯುವುದಿಲ್ಲ.

ಶಿಷ್ಯೆ: ಉತ್ತರ ಹೇಳಬೇಡ, ಪ್ರಶ್ನೆ ಕೇಳು ಅಂತ ಯಂತ್ರವನ್ನೂ ಕಟ್ಟಬಹುದು. 2023ರಲ್ಲಿ ಖಾನ್ ಅಕಾಡೆಮಿಯವರು ತಂದ ಖಾನ್‌ಮಿಗೊ ಹಾಗೇ ನಡೆದುಕೊಳ್ಳಲೆಂದು ರೂಪಿಸಿದ್ದು. ಕಷ್ಟ ಏನೆಂದರೆ, ಅದೇ ಫೋನಿನಲ್ಲಿ ತಕ್ಷಣ ಉತ್ತರ ಕೊಡುವ ಇನ್ನೊಂದು ಆ್ಯಪ್ ಇರುತ್ತದೆ. ಮಗು ಯಾಕೆ ಕಾಯಬೇಕು?

ಮಾಸ್ತರು: ಎದುರಿಗೆ ಯಾರೋ ತನಗಾಗಿ ಕಾಯುತ್ತಿದ್ದಾರೆ ಅಂತ. ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಯಂತ್ರ ಸುಮ್ಮನಿರಬಹುದು, ಆದರೆ ಅದು ನಮಗೋಸ್ಕರ ತನ್ನ ಹೊತ್ತನ್ನು ಕೊಡುತ್ತಿಲ್ಲ ಅನ್ನುವುದು ಮಗುವಿಗೂ ಗೊತ್ತು.

ಶಿಷ್ಯೆ: ಸರ್, ಒಂದು ಮಾತು. ನಿಮ್ಮ ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚಿನವಳು. ನೀವು ಕಾಯುತ್ತಿದ್ದಿರಿ, ನಿಜ. ನಿಮ್ಮ ಜೊತೆ ಇಡೀ ಕ್ಲಾಸು ತಿರುಗಿ ನೋಡುತ್ತಾ ಕಾಯುತ್ತಿತ್ತು. ನನ್ನ ನಾಲಿಗೆ ಏಳುತ್ತಿರಲಿಲ್ಲ. ಅಂಥ ಹುಡುಗಿ ಇವತ್ತು ರಾತ್ರಿ ಚಾದರದೊಳಗೆ ಫೋನ್ ಹಿಡಿದು ಒಂದೇ ಪ್ರಶ್ನೆಯನ್ನು ಐದು ಸಲ ಕೇಳಬಹುದು. ಯಾರೂ ನಗುವುದಿಲ್ಲ. ಈ ಫೋನಿನಿಂದ ಬೇರೇನೂ ಆಗದಿದ್ದರೂ ಇಷ್ಟಕ್ಕಾಗಿ ನಾನು ಈ ಕೆಲಸ ಬಿಡುವುದಿಲ್ಲ.

ಮಾಸ್ತರು: ಬಿಡಬೇಡವ್ವಾ. ಹಿಂದಿನ ಬೆಂಚಿನ ಮಾತು ನನಗೆ ಹಿಂದಿನ ಬೆಂಚಿನವಳೇ ಹೇಳಬೇಕಾಯಿತು. ಆದರೆ ಅವಳು ಐದು ಸಲ ಕೇಳಿದ ಪ್ರಶ್ನೆ ಎಲ್ಲಿಗೆ ಹೋಗುತ್ತದೆ?

ಶಿಷ್ಯೆ: ಸದ್ಯಕ್ಕೆ ಶಿಕ್ಷಕರಿಗೆ ಅಂಕಗಳ ಪಟ್ಟಿ ಕಳಿಸುತ್ತೇವೆ. ಅದರ ಬದಲು ಬಗೆಹರಿಯದೆ ಉಳಿದ ಪ್ರಶ್ನೆಗಳನ್ನು ಕಳಿಸಿದರೆ? ಮರುದಿನ ನೀವು ಅಲ್ಲಿಂದ ಪಾಠ ಶುರು ಮಾಡಬಹುದು.

ಮಾಸ್ತರು: ಹೆಸರಿನ ಜೊತೆಗೋ?

ಶಿಷ್ಯೆ: ಹೆಸರು ಹಾಕಿದರೆ ಚಾದರವನ್ನೇ ಕಿತ್ತುಕೊಂಡ ಹಾಗಾಗುತ್ತದೆ. ಯಾರಿಗೂ ತಿಳಿಯದು ಅಂತ ತಾನೇ ಅವಳು ಕೇಳಿದ್ದು.

ಮಾಸ್ತರು: ಹಾಕದಿದ್ದರೆ ನಾನು ಯಾರಿಗಾಗಿ ಕಾಯಬೇಕು ಅಂತ ನನಗೆ ತಿಳಿಯುವುದಿಲ್ಲ.

ಶಿಷ್ಯೆ: ಹಾಗಾದರೆ ಹೆಸರಿನ ಮಾತು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ‘ಇದನ್ನು ಮೇಷ್ಟ್ರಿಗೆ ಹೇಳಲೇ?’ ಅಂತ ಪ್ರತಿ ಸಲವೂ ಅವಳನ್ನೇ ಕೇಳಬೇಕು.

ಮಾಸ್ತರು: ಬೇಡ ಅಂದರೆ ಮತ್ತೆ ಒತ್ತಾಯ ಮಾಡಬಾರದು.

ಶಿಷ್ಯೆ: ಮಾಡುವುದಿಲ್ಲ. ಅದನ್ನು ಬರೆದುಕೊಳ್ಳುತ್ತೇನೆ ಸರ್.