ಒಂದೇ ಕುರ್ಚಿಯ ಕೋಣೆ

ಕೆಂಚಾರ್ಲಹಳ್ಳಿಯಲ್ಲಿ ನಮ್ಮ ಆಪಾಳ ಮನೆಯಿದೆ. ಅವಳ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಅವನು ಹಳೆಯ ಮನೆಯ ಮಾಳಿಗೆಯಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ ಕಟ್ಟಿಸಿದ. ಊರಿಗೆ ಬಂದಾಗ ಕುಳಿತು ಸಂಗೀತ ಕೇಳಲೆಂದೇ ಕಟ್ಟಿಸಿದ ಕೋಣೆ. "ಮಾಮೂ, ಸ್ಪೀಕರ್ ಆರಿಸಬೇಕು. ನೀವೂ ಬನ್ನಿ" ಎಂದು ನಮ್ಮನ್ನು ಬೆಂಗಳೂರಿನ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯವರು ಎದೆಯೆತ್ತರದ ಒಂದು ಜೋಡಿಯನ್ನು ತೋರಿಸಿದರು. ಬೆಲೆ ಎರಡೂವರೆ ಲಕ್ಷ. ಅಲ್ಲಿನ ವಿಶಾಲವಾದ ಹಜಾರದಲ್ಲಿ, ದಪ್ಪ ಪರದೆಗಳ ನಡುವೆ, ತಂಬೂರಿಯ ನಾದ ನಮ್ಮ ಮುಂದೆಯೇ ಯಾರೋ ಮೀಟಿದಂತೆ ಕೇಳಿತು. ಒಂದು ವಾರ ಇಟ್ಟುಕೊಂಡು ನೋಡಿ ಎಂದು ಊರಿಗೂ ಕಳಿಸಿಕೊಟ್ಟರು. ಆದರೆ ಮಾಳಿಗೆಯ ಕೋಣೆಯಲ್ಲಿ ಅದೇ ಸ್ಪೀಕರು ಬೇರೆಯೇ ಆಗಿಬಿಟ್ಟಿತು. ತಬಲದ ಎಡ ಮಾತ್ರ ಗುಂಯ್ ಎಂದು ತುಂಬಿಕೊಂಡು ಹಾಡುವವರ ದನಿ ಅದರಡಿ ಮುಳುಗಿತು.

ಇದರಲ್ಲಿ ಸ್ಪೀಕರಿನ ತಪ್ಪಿರಲಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 12 ಅಡಿಯ ಅಂತರದಲ್ಲಿ ಎದುರುಬದುರಿಗಿರುವ ಎರಡು ಗೋಡೆಗಳ ನಡುವೆ, ಸೆಕೆಂಡಿಗೆ ಸುಮಾರು 47 ಸಲ ಕಂಪಿಸುವ ಮಂದ್ರ ನಾದ ಹೋಗಿಬಂದು ತನ್ನ ಮೇಲೆಯೇ ತಾನು ಪೇರಿಕೊಳ್ಳುತ್ತದೆ. ಕೋಣೆ ಚಿಕ್ಕದಾದಷ್ಟೂ ಈ ತೊಂದರೆ ಕಿವಿಗೆ ಹೆಚ್ಚು ತಾಗುತ್ತದೆ. ದೊಡ್ಡ ಸ್ಪೀಕರ್ ಆ ಮಂದ್ರವನ್ನು ಧಾರಾಳವಾಗಿ ಸುರಿಯುತ್ತದೆ, ಚಿಕ್ಕ ಕೋಣೆಗೆ ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿಯಿಲ್ಲ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಇಂಥದ್ದೇ ಇಕ್ಕಟ್ಟಿಗೆ ಒಂದು ಉತ್ತರ ಕಂಡುಕೊಂಡರು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕುಳಿತು ಮಾತಿನ ಸ್ಪಷ್ಟತೆಯನ್ನು ಪರೀಕ್ಷಿಸಲು ಅವರು ರೂಪಿಸಿದ ಎಲ್ಎಸ್ 3/5ಎ ಎಂಬ ಸ್ಪೀಕರಿನ ಎತ್ತರ ಕೇವಲ ಒಂದು ಅಡಿ. ಅದು ಆಳವಾದ ಮಂದ್ರವನ್ನು ಬಿಟ್ಟುಕೊಟ್ಟು ಮನುಷ್ಯನ ದನಿಯನ್ನು ಉಳಿಸಿಕೊಂಡಿತು. ಇಂದಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ದುಂದು ಎಂದರೆ ಹೆಚ್ಚು ಬೆಲೆ ಕೊಡುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇಸ್ರಾಫ್ ಎಂಬ ಮಾತನ್ನು ಮಸೀದಿಯ ಬಯಾನಿನಲ್ಲಿ ಕೇಳಿದಾಗ ನಮಗೆ ನೆನಪಾಗುವುದು ಮದುವೆಯ ಬಿರಿಯಾನಿ. ಆದರೆ ಆ ಪದದ ಬೇರಿನಲ್ಲಿರುವುದು ಮಿತಿಯನ್ನು ಮೀರುವುದು ಎಂಬ ಅರ್ಥ. ಹಾಗಾದರೆ ಮಿತಿಯನ್ನು ನಿಶ್ಚಯಿಸುವವರು ಯಾರು? ಇಲ್ಲಿ ಅದನ್ನು ಗೋಡೆಗಳೇ ನಿಶ್ಚಯಿಸಿದವು. ಒಳ್ಳೆಯ ವಸ್ತುವಿಗೆ ಹಣ ಕೊಡುವುದು ಪಾಪವೆಂದು ನಾವು ಹೇಳುವುದಿಲ್ಲ. ತಂಬೂರಿಯನ್ನು ತಂಬೂರಿಯಾಗಿ ಕೇಳಬೇಕೆಂಬ ಆಸೆ ಗೌರವಿಸಬೇಕಾದ ಆಸೆ. ನಮ್ಮ ಕೋಣೆ ಹಿಡಿಯಲಾರದ್ದನ್ನು ಕೊಂಡು ತರುವುದು ಮಾತ್ರ ದುಂದು, ಅದು ಅಗ್ಗವಾಗಿ ಸಿಕ್ಕರೂ ದುಂದೇ.

ಹುಡುಗನಿಗೆ ಈ ಮಾತು ಹಿಡಿಸಿತು. ದೊಡ್ಡ ಜೋಡಿಯನ್ನು ಹಿಂದಿರುಗಿಸಿ ಪುಸ್ತಕದ ಕಪಾಟಿನಲ್ಲಿಡಬಹುದಾದ ಚಿಕ್ಕ ಜೋಡಿ ತಂದ. ನೆಲಕ್ಕೆ ಜಮಖಾನೆ ಹಾಸಿದ, ಬೋಳು ಗೋಡೆಗೆ ರಜಾಯಿ ತೂಗುಹಾಕಿದ, ಸ್ಪೀಕರುಗಳನ್ನು ಮೂಲೆಯಿಂದ ಮುಂದಕ್ಕೆ ತಂದ. ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವೋ, ಪ್ರತಿಯೊಂದರಿಂದಲೂ ಅಷ್ಟೇ ಅಂತರದಲ್ಲಿ ಒಂದು ಕುರ್ಚಿ ಇಟ್ಟ. ಕುಳಿತೆವು. ಹಾಡುವವರು ಎರಡರ ನಟ್ಟನಡುವೆ, ಗಾಳಿಯಲ್ಲಿ ನಿಂತಂತೆ ಕೇಳಿದರು. ನಮ್ಮ ಕಣ್ಣು ತುಂಬಿ ಬಂತೆಂದು ಹೇಳಲು ಸಂಕೋಚವೇನೂ ಇಲ್ಲ.

ಆದರೆ ಆ ಕುರ್ಚಿಯಿಂದ ಒಂದು ಮೊಳ ಪಕ್ಕಕ್ಕೆ ಸರಿದರೆ ಹಾಡುವವರೂ ಒಂದು ಸ್ಪೀಕರಿನ ಕಡೆಗೆ ಸರಿದುಬಿಡುತ್ತಾರೆ. ಸ್ಟೀರಿಯೋದ ಜಾದೂ ಸಂಪೂರ್ಣವಾಗಿ ದಕ್ಕುವುದು ಒಬ್ಬನಿಗೆ ಮಾತ್ರ. 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್‌ಗೆ ಈ ವಿಚಾರ ಹೊಳೆದದ್ದು ಹೆಂಡತಿಯೊಂದಿಗೆ ಸಿನಿಮಾ ನೋಡುವಾಗ ಎಂದು ಹೇಳುತ್ತಾರೆ. ನಟ ತೆರೆಯ ಒಂದು ಬದಿಯಲ್ಲಿದ್ದರೆ ದನಿ ಇನ್ನೊಂದೆಡೆಯಿಂದ ಬರುತ್ತಿತ್ತಂತೆ. ಇಬ್ಬರು ಜೊತೆಗೆ ಕುಳಿತಿದ್ದಾಗ ಹುಟ್ಟಿದ ವಿಚಾರ ಕೊನೆಗೆ ಒಂಟಿ ಕುರ್ಚಿಗೆ ಬಂದು ನಿಂತಿತು.

ಸಂಗೀತ ಕೇಳಬಹುದೇ ಎಂಬ ಬಗ್ಗೆ ನಮ್ಮ ಸಮುದಾಯದಲ್ಲಿ ಭಿನ್ನಾಭಿಪ್ರಾಯ ಹಳೆಯದು, ಇಂದೂ ಇದೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ ಇಹ್ಯಾ ಗ್ರಂಥದಲ್ಲಿ ಸಮಾ, ಅಂದರೆ ಆಲಿಸುವಿಕೆಯ ಮೇಲೆಯೇ ಒಂದು ಭಾಗ ಬರೆದರು. ಆಲಿಸುವವರು ಗಮನಿಸಬೇಕಾದ ಮೂರು ಸಂಗತಿಗಳನ್ನು ಸೂಫಿ ಹಿರಿಯರ ಹೆಸರಿನಲ್ಲಿ ಅವರು ಚರ್ಚಿಸುತ್ತಾರೆ: ಝಮಾನ್, ಮಕಾನ್, ಇಖ್ವಾನ್. ಕಾಲ, ಸ್ಥಳ ಮತ್ತು ಸಂಗಾತಿಗಳು. ನಾವು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡದ್ದು ಸ್ಥಳದ ಬಗ್ಗೆ ಮಾತ್ರ. ನಮ್ಮದೇ ತಾಲೂಕಿನ ಮುರುಗಮಲ್ಲದ ಉರೂಸಿನಲ್ಲೋ ಕೈವಾರದ ಗುರುಪೂರ್ಣಿಮೆಯಲ್ಲೋ ಮೈಕಿನ ದನಿ ಒಡೆದರೂ ಜನ ಏಳದೆ ಕೂತಿರುತ್ತಾರಲ್ಲ, ಅದು ಸಂಗಾತಿಗಳ ಬಲ.

ಒಂದು ಸಂಜೆ ಆಪಾ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದಳು. ಮಗ ಎದ್ದು ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ಸ್ವಲ್ಪ ಹೊತ್ತು ಕೇಳಿ, "ಧಂ ಧಂ ಅನ್ನೋದು ಕೇಳಿಸ್ತದೆ ಬೇಟಾ. ಅವರು ಏನಂತಾ ಇದ್ದಾರೆ?" ಎಂದಳು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಕದ ಶಬ್ದಗಳನ್ನು. ಮಂದ್ರ ಉಳಿಯುತ್ತದೆ, ಸ, ತ, ಕ, ಫ ಮಸುಕಾಗುತ್ತವೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. 20,000 ಹರ್ಟ್ಸ್‌ವರೆಗೆ ನುಡಿಯುತ್ತದೆಂದು ಅಂಗಡಿಯವರು ಹೊಗಳಿದ್ದ ಆ ಜೋಡಿಯ ತುತ್ತತುದಿ ನಲವತ್ತು ದಾಟಿದ ನಮ್ಮ ಕಿವಿಗೂ ಎಟುಕುವಂಥದ್ದಲ್ಲ. ಆಪಾಳಿಗೆ ಬೇಕಾದದ್ದು ಅದಕ್ಕಿಂತ ಬಹಳ ಕೆಳಗಿನದು, ಮನುಷ್ಯರ ಮಾತಿನದು. ಅದು ಅವಳಿಗೆ ಎಷ್ಟು ವರ್ಷದಿಂದ ಕೇಳಿಸುತ್ತಿಲ್ಲವೋ, ನಾವು ಯಾರೂ ವಿಚಾರಿಸಿರಲಿಲ್ಲ. "ಆಪಾ ಈಗೀಗ ಮಾತೇ ಕಮ್ಮಿ ಮಾಡಿದ್ದಾಳೆ" ಎಂದು ನಾವೇ ಎಷ್ಟೋ ಸಲ ಹೇಳಿದ್ದೆವು.

ಕಿವಿಗೆ ಹಾಕುವ ಯಂತ್ರದಲ್ಲಿ ಇರುವುದೂ ಇಷ್ಟೇ: ಒಂದು ಮೈಕು, ಒಂದು ಆಂಪ್ಲಿಫೈಯರು, ಒಂದು ಪುಟ್ಟ ಸ್ಪೀಕರು. ಜಗತ್ತಿನ ಅತ್ಯಂತ ಚಿಕ್ಕ ಆಲಿಸುವ ಕೋಣೆ ಎಂದರೆ ಮನುಷ್ಯನ ಕಿವಿಯ ನಾಳ. ಮಾಳಿಗೆಯ ಸ್ಪೀಕರನ್ನು ಬಂದವರಿಗೆಲ್ಲ ತೋರಿಸುತ್ತೇವೆ. ಕಿವಿಯದನ್ನು ಸೆರಗಿನಡಿ ಮುಚ್ಚುತ್ತೇವೆ. ಒಂದಕ್ಕೆ ಸಾಲ ಮಾಡಲೂ ಸಿದ್ಧ, ಇನ್ನೊಂದರ ಬೆಲೆ ಕೇಳಿದಾಗ "ಈ ವಯಸ್ಸಿನಲ್ಲಿ ಯಾಕೆ" ಎನ್ನುತ್ತೇವೆ. ಎರಡೂ ಮಾಡುವ ಕೆಲಸ ಒಂದೇ ಆಗಿರುವಾಗ ಒಂದು ಹೆಮ್ಮೆ, ಇನ್ನೊಂದು ನಾಚಿಕೆ ಹೇಗಾಯಿತು?

ದೊಡ್ಡ ಜೋಡಿ ಹಿಂದಿರುಗಿಸಿದ್ದರಿಂದ ಉಳಿದ ಹಣ ಹುಡುಗನ ಹತ್ತಿರ ಇದೆ. ಆಪಾ ಮಾತ್ರ ಒಪ್ಪಿಲ್ಲ. "ಮಿಷನ್ ಹಾಕ್ಕೊಂಡರೆ ಜನ ಕಿವುಡಿ ಅಂತಾರೆ" ಎನ್ನುತ್ತಾಳೆ. ಅವಳನ್ನು ಕಿವಿ ಪರೀಕ್ಷೆಗೆ ಕರೆದೊಯ್ಯಲು ಹುಡುಗ ಇನ್ನೂ ಪಟ್ಟು ಹಿಡಿದು ಹೇಳುತ್ತಿದ್ದಾನೆ. ಅಲ್ಲಿಯವರೆಗೆ ನಾವು ಮಾಡಿಕೊಂಡ ಏರ್ಪಾಡು ಒಂದೇ. ಮಾಳಿಗೆಯ ಕೋಣೆಗೆ ಇನ್ನೂ ಎರಡು ಕುರ್ಚಿ ಬಂದಿವೆ. ಆಪಾ ಬಂದಾಗ ಹಾಡು ನಿಲ್ಲಿಸಿ, ಅವಳ ಎದುರಿಗೆ ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತಾಡುತ್ತೇವೆ. ಹಾಡುವವರು ನಟ್ಟನಡುವೆ ನಿಂತಂತೆ ಈಗ ಯಾರಿಗೂ ಕೇಳುವುದಿಲ್ಲ.